ಗೊರಕೆ ಹೊಡೀತೀರಾ? ಎಂಟು ಪ್ರಶ್ನೆಗಳ ಹಿಂದಿನ ಡಾಕ್ಟರ್

ನಮ್ಮ ಕಡೆ ಗೊರಕೆ ಯಾವತ್ತೂ ಕಾಯಿಲೆ ಆಗಿರಲಿಲ್ಲ, ತಮಾಷೆ ಆಗಿತ್ತು. ಮದುವೆ ಮನೆಯಲ್ಲಿ ಹಾಲ್ ತುಂಬ ಚಾಪೆ ಹಾಸಿದಾಗ ಯಾವ ದೊಡ್ಡಪ್ಪನ ಪಕ್ಕ ಮಲಗಬಾರದು ಅಂತ ಮಕ್ಕಳಿಗೆಲ್ಲ ಮೊದಲೇ ಗೊತ್ತಿರುತ್ತೆ. ಹುಬ್ಬಳ್ಳಿಗೆ ಹೋಗೋ ರಾತ್ರಿ ಬಸ್ಸಿನಲ್ಲಿ ಮೇಲಿನ ಬರ್ತ್‌ನವರು ಶುರು ಮಾಡಿದರೆ ಕೆಳಗಿನವರು ಇಯರ್‌ಫೋನ್ ಹುಡುಕ್ತಾರೆ. ಜೋರಾಗಿ ಗೊರಕೆ ಬಂತು ಅಂದ್ರೆ ಗಾಢ ನಿದ್ದೆ ಅಂತ ಅರ್ಥ, ಕುಂಭಕರ್ಣ ಅನ್ನೋ ಬಿರುದು ಗ್ಯಾರಂಟಿ. ಮನೆಯ ಹಿರಿಯರಂತೂ ‘ಪಾಪ, ದಣಿದಿದ್ದಾನೆ, ಎಬ್ಬಿಸಬೇಡಿ’ ಅಂತಾರೆ.

ಇದು ಗಾಢ ನಿದ್ದೆಯಲ್ಲ, ನಿದ್ದೆಯೊಳಗೆ ಉಸಿರಿಗಾಗಿ ನಡೆಯೋ ಗುದ್ದಾಟ ಇರಬಹುದು ಅನ್ನೋದು ವೈದ್ಯರಿಗೆ ಗೊತ್ತಾಗಿ ಕೆಲವು ದಶಕಗಳಾದವು. ಆದರೆ ಈ ಗುದ್ದಾಟಕ್ಕೂ ಆಪರೇಷನ್ ಥಿಯೇಟರಿಗೂ ಇರೋ ನಂಟನ್ನು ಹಿಡಿದು ಕೂತವರು ಕಡಿಮೆ. ಅವರಲ್ಲಿ ಮುಖ್ಯವಾದ ಹೆಸರು ಫ್ರಾನ್ಸಿಸ್ ಚುಂಗ್. ಕೆನಡಾದ ಟೊರಾಂಟೊದಲ್ಲಿ ಅರಿವಳಿಕೆ ತಜ್ಞೆ, ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ನೀವು ಆ ಹೆಸರು ಕೇಳಿರಲಿಕ್ಕಿಲ್ಲ. ಆದರೆ ನಿಮ್ಮ ಮನೆಯಲ್ಲಿ ಇತ್ತೀಚೆಗೆ ಯಾರಿಗಾದರೂ ಆಪರೇಷನ್ ಆಗಿದ್ದರೆ, ಅದಕ್ಕೆ ಮುಂಚಿನ ತಪಾಸಣೆಯಲ್ಲಿ ‘ಗೊರಕೆ ಹೊಡೀತೀರಾ?’ ಅಂತ ಡಾಕ್ಟರ್ ಕೇಳಿದ್ದರೆ, ಆ ಪ್ರಶ್ನೆ ಅಲ್ಲಿಗೆ ಬಂದದ್ದರ ಹಿಂದೆ ಈಕೆಯ ಪಾಲು ದೊಡ್ಡದಿದೆ.

ಅರಿವಳಿಕೆ ಡಾಕ್ಟರ್ ಅಂದ್ರೆ ನಮಗೆಲ್ಲ ‘ಮತ್ತು ಕೊಡೋರು’. ಬರ್ತಾರೆ, ಚುಚ್ತಾರೆ, ಹೋಗ್ತಾರೆ. ನಾನೂ ಬಹಳ ದಿನ ಹಾಗೇ ಅಂದ್ಕೊಂಡಿದ್ದೆ. ನಿಜವಾಗಿ ಅವರು ಎಲ್ಲಿಗೂ ಹೋಗಲ್ಲ. ಸರ್ಜನ್ ಹೊಟ್ಟೆಯೊಳಗೆ ನೋಡ್ತಿರುವಾಗ ಉಸಿರು, ರಕ್ತದೊತ್ತಡ, ಆಮ್ಲಜನಕ ಎಲ್ಲವನ್ನೂ ಕಾಯ್ತಾ ತಲೆಯ ಹತ್ತಿರ ನಿಂತಿರೋದು ಅವರೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪೂರ್ತಿ ಆಪರೇಷನ್‌ಗೆ ಆನ್-ಕಾಲ್ ಇರೋ ಇಂಜಿನಿಯರ್. ರೋಗಿಯ ಸುರಕ್ಷತೆ ಅನ್ನೋದನ್ನ ಒಂದು ಶಾಸ್ತ್ರದ ಮಟ್ಟಕ್ಕೆ ಮೊದಲು ತಂದವರಲ್ಲಿ ಇವರೂ ಸೇರಿದ್ದಾರೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಹುಡುಕಾಡಿದ ಆ ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ಇದೆಯಲ್ಲ, ಅದರ ಮೂಲ ತತ್ವವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಇಂಜಿನಿಯರ್ ತಕುವೊ ಅಯೊಯಾಗಿ. ಆ ಯಂತ್ರ ಆಪರೇಷನ್ ಥಿಯೇಟರಿನಲ್ಲಿ ಕಡ್ಡಾಯ ಸಂಗಾತಿ ಆಗುವಂತೆ ಪಟ್ಟು ಹಿಡಿದವರು ಅರಿವಳಿಕೆ ತಜ್ಞರು.

ಚುಂಗ್ ಮೊದಲು ಹೆಸರು ಮಾಡಿದ್ದು ಗೊರಕೆಯಿಂದಲ್ಲ. ಬೆಳಿಗ್ಗೆ ಬಂದು ಆಪರೇಷನ್ ಮಾಡಿಸಿಕೊಂಡು ಸಂಜೆ ಮನೆಗೆ ಹೋಗೋ ಪದ್ಧತಿ ಹಬ್ಬುತ್ತಿದ್ದ ಕಾಲ. ಮತ್ತು ಇಳಿದ ರೋಗಿಯನ್ನು ಮನೆಗೆ ಕಳಿಸಬಹುದಾ ಬೇಡವಾ ಅಂತ ಯಾರು, ಹೇಗೆ ತೀರ್ಮಾನಿಸಬೇಕು? ‘ನೋಡೋಕೆ ಚೆನ್ನಾಗಿದ್ದಾರೆ, ಹೋಗಲಿ’ ಅನ್ನೋದು ಅಳತೆಯಲ್ಲ. ಅದಕ್ಕೆ ಅವರ ತಂಡ ಒಂದು ಅಂಕಪಟ್ಟಿ ಮಾಡಿತು. 1995ರಲ್ಲಿ ಅದರ ಪ್ರಬಂಧ ಬಂತು. ಆಮೇಲೆ ತಿದ್ದಿದ ರೂಪದಲ್ಲಿ ಐದು ವಿಷಯಗಳಿವೆ: ನಾಡಿ ಮತ್ತು ರಕ್ತದೊತ್ತಡ, ನಡೆದಾಡುವಿಕೆ, ವಾಕರಿಕೆ-ವಾಂತಿ, ನೋವು, ರಕ್ತಸ್ರಾವ. ಒಂದೊಂದಕ್ಕೆ 2 ಅಂಕ, ಒಟ್ಟು 10. 9 ಬಂದರೆ ಮನೆಗೆ ಹೋಗಬಹುದು. ಎಷ್ಟು ಸರಳ ಅಂದ್ರೆ ನರ್ಸ್ ಒಬ್ಬರು ನಿಂತ ಜಾಗದಲ್ಲೇ ಎಣಿಸಿ ಹೇಳಬಹುದು. ಈ ಮನೋಧರ್ಮವನ್ನ ನೆನಪಿಟ್ಟುಕೊಳ್ಳಿ. ಮುಂದೆ ಗೊರಕೆಗೂ ಅವರು ಇದನ್ನೇ ಮಾಡ್ತಾರೆ.

ಈಗ ಗೊರಕೆಯ ಒಳಗೆ ಏನಾಗುತ್ತೆ ನೋಡೋಣ. ಮೂಗು ಮತ್ತು ನಾಲಿಗೆಯ ಹಿಂದಿನ ಗಂಟಲಿನ ಭಾಗಕ್ಕೆ ಗಟ್ಟಿ ಆಧಾರ ಇಲ್ಲ. ಅದು ತೆರೆದಿರೋದು ಸುತ್ತಲಿನ ಸ್ನಾಯುಗಳ ಬಿಗಿಯಿಂದ. ನಿದ್ದೆ ಬಂದಾಗ ಸ್ನಾಯು ಸಡಿಲ ಆಗುತ್ತೆ, ದಾರಿ ಕಿರಿದಾಗುತ್ತೆ, ಗಾಳಿ ಹೋಗುವಾಗ ಅಂಚುಗಳು ಪಟಪಟ ಬಡಿಯುತ್ತವೆ. ಅದು ಗೊರಕೆ. ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿಹೋಗುತ್ತೆ. ಎದೆ ಏಳ್ತಾ ಬೀಳ್ತಾ ಇರುತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ. 10 ಸೆಕೆಂಡಿಗಿಂತ ಹೆಚ್ಚು ಹೀಗೆ ನಿಂತರೆ ಅದನ್ನ ಒಂದು ಆಪ್ನಿಯಾ ಅಂತ ಎಣಿಸ್ತಾರೆ. ಆಮ್ಲಜನಕ ಇಳಿದು, ಇಂಗಾಲದ ಡೈಆಕ್ಸೈಡ್ ಏರಿ, ಕೊನೆಗೆ ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತೆ. ‘ಖರ್ರ್’ ಅಂತ ದೊಡ್ಡ ಸದ್ದಿನೊಂದಿಗೆ ಉಸಿರು ವಾಪಸ್. ಮಲಗಿದವರಿಗೆ ಇದ್ಯಾವುದೂ ನೆನಪಿರಲ್ಲ. ಗಂಟೆಗೆ ಇಂಥವು, ಮತ್ತು ಉಸಿರು ಅರ್ಧಂಬರ್ಧ ಕಟ್ಟಿದವು, ಎಲ್ಲ ಸೇರಿ 5 ದಾಟಿದರೆ ಸ್ಲೀಪ್ ಆಪ್ನಿಯಾ. 15 ದಾಟಿದರೆ ಮಧ್ಯಮ. 30 ದಾಟಿದರೆ ತೀವ್ರ. ಮೂವತ್ತು ಅಂದ್ರೆ ಎರಡು ನಿಮಿಷಕ್ಕೊಮ್ಮೆ ಉಸಿರು ಕಟ್ಟೋದು, ರಾತ್ರಿಯಿಡೀ.

ಎಂಬೆಡೆಡ್ ಕೆಲಸ ಮಾಡಿದವರಿಗೆ ವಾಚ್‌ಡಾಗ್ ಟೈಮರ್ ಗೊತ್ತಿರುತ್ತೆ. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡರೆ ಅದು ಸಿಸ್ಟಂ ಅನ್ನ ರೀಸ್ಟಾರ್ಟ್ ಮಾಡುತ್ತೆ. ಆ ‘ಖರ್ರ್’ ಅನ್ನೋದು ನಮ್ಮ ಮೆದುಳಿನ ವಾಚ್‌ಡಾಗ್. ಮಾರ್ಫಿನ್ ಜಾತಿಯ ನೋವಿನ ಔಷಧಿಗಳು, ನಿದ್ದೆ ಬರಿಸೋ ಔಷಧಿಗಳು ಎರಡು ಕೆಲಸ ಒಟ್ಟಿಗೆ ಮಾಡ್ತವೆ. ಗಂಟಲಿನ ಸ್ನಾಯುಗಳನ್ನ ಇನ್ನಷ್ಟು ಸಡಿಲ ಮಾಡ್ತವೆ, ಜೊತೆಗೆ ವಾಚ್‌ಡಾಗ್‌ನ ಕಿವಿ ಮಂದ ಮಾಡ್ತವೆ. ಆಪರೇಷನ್ ನಡೆಯುವಾಗ ಭಯ ಕಡಿಮೆ. ಟ್ಯೂಬ್ ಇದೆ, ಯಂತ್ರ ಇದೆ, ಪಕ್ಕದಲ್ಲೇ ಡಾಕ್ಟರ್ ಇದ್ದಾರೆ. ಭಯ ಇರೋದು ಆಮೇಲೆ. ವಾರ್ಡಿನಲ್ಲಿ, ಲೈಟ್ ಆರಿಸಿದ ಮೇಲೆ, ಅಟೆಂಡರ್ ಆಗಿ ಉಳಿದ ಮಗ ಕುರ್ಚಿಯಲ್ಲೇ ತೂಕಡಿಸ್ತಿರುವಾಗ, ‘ಸದ್ಯ, ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ’ ಅಂತ ಎಲ್ಲರೂ ಸಮಾಧಾನ ಪಟ್ಟಿರೋ ಹೊತ್ತಿನಲ್ಲಿ.

ಸ್ಲೀಪ್ ಆಪ್ನಿಯಾ ಇದೆಯಾ ಅಂತ ಖಚಿತವಾಗಿ ಹೇಳೋ ಪರೀಕ್ಷೆ ಪಾಲಿಸೋಮ್ನೋಗ್ರಫಿ. ಮೈತುಂಬ ವೈರ್ ಅಂಟಿಸಿಕೊಂಡು ಒಂದು ರಾತ್ರಿ ಲ್ಯಾಬ್‌ನಲ್ಲಿ ಮಲಗಬೇಕು. ಖರ್ಚು ಜಾಸ್ತಿ, ಸರದಿ ಉದ್ದ. ಆಪರೇಷನ್‌ಗೆ ಬರೋ ಎಲ್ಲರನ್ನೂ ಹೀಗೆ ಮಲಗಿಸೋದು ಯಾವ ದೇಶಕ್ಕೂ ಆಗದ ಮಾತು. ಆಗಲೇ ಇದ್ದ ಬರ್ಲಿನ್ ಪ್ರಶ್ನಾವಳಿಯ ಅಂಕ ಹಾಕೋ ಲೆಕ್ಕ ಗಡಿಬಿಡಿಯ ಕ್ಲಿನಿಕ್ಕಿಗೆ ಒಗ್ಗುವಂಥದ್ದಲ್ಲ. ಚುಂಗ್ ತಂಡ ಇದನ್ನ ಹೌದು-ಇಲ್ಲ ಅನ್ನೋ ನಾಲ್ಕು ಪ್ರಶ್ನೆಗೆ ಇಳಿಸಿತು. ಪಕ್ಕದ ಕೋಣೆಗೂ ಕೇಳೋ ಹಾಗೆ ಗೊರಕೆ ಹೊಡೀತೀರಾ? ಹಗಲು ಹೊತ್ತು ಸುಸ್ತು, ತೂಕಡಿಕೆ ಇದೆಯಾ? ನಿದ್ದೆಯಲ್ಲಿ ಉಸಿರು ನಿಲ್ಲೋದನ್ನ ಯಾರಾದರೂ ನೋಡಿದ್ದಾರಾ? ಬಿಪಿ ಇದೆಯಾ? ಸ್ನೋರಿಂಗ್, ಟಯರ್ಡ್, ಅಬ್ಸರ್ವ್ಡ್, ಪ್ರೆಶರ್. ಮೊದಲಕ್ಷರ ಸೇರಿಸಿದರೆ ‘ಸ್ಟಾಪ್’. ಇದಕ್ಕೆ ಇನ್ನೂ ನಾಲ್ಕು: ಬಿಎಂಐ 35ಕ್ಕಿಂತ ಹೆಚ್ಚಾ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ 40 ಸೆಂಟಿಮೀಟರಿಗಿಂತ ಜಾಸ್ತಿಯಾ, ಗಂಡಸಾ. ಇಂಗ್ಲಿಷಿನಲ್ಲಿ ಇವುಗಳ ಮೊದಲಕ್ಷರ ‘ಬ್ಯಾಂಗ್’. ಒಟ್ಟು ಸ್ಟಾಪ್-ಬ್ಯಾಂಗ್. ವೈದ್ಯಕೀಯದಲ್ಲಿ ಹೆಸರಿಡೋದರಲ್ಲಿ ಗೆದ್ದವರು ಅಪರೂಪ. ಇದು ಒಮ್ಮೆ ಕೇಳಿದರೆ ಮರೆಯಲ್ಲ.

2008ರಲ್ಲಿ ‘ಅನೆಸ್ತೀಸಿಯಾಲಜಿ’ ಪತ್ರಿಕೆಯಲ್ಲಿ ಬಂದ ಆ ಪ್ರಬಂಧದ ಲೆಕ್ಕ ಹೀಗಿದೆ. ಆಪರೇಷನ್‌ಗೆ ಮುಂಚಿನ ಕ್ಲಿನಿಕ್ಕಿಗೆ ಬಂದ 2467 ಜನರಿಗೆ ಪ್ರಶ್ನೆ ಕೇಳಿದರು. ಅವರಲ್ಲಿ ಶೇ. 27.5 ಮಂದಿ ‘ಅಪಾಯ ಹೆಚ್ಚು’ ಗುಂಪಿಗೆ ಬಿದ್ದರು. 211 ಜನ ಲ್ಯಾಬ್‌ನಲ್ಲಿ ಮಲಗಿ ಪೂರ್ತಿ ಪರೀಕ್ಷೆ ಮಾಡಿಸಿಕೊಂಡರು. ಎಂಟು ಪ್ರಶ್ನೆಗಳ ಪಟ್ಟಿ ಸಾಧಾರಣ ಆಪ್ನಿಯಾ ಇದ್ದವರಲ್ಲಿ ಶೇ. 83.6 ಜನರನ್ನ ಹಿಡಿಯಿತು, ಮಧ್ಯಮದಿಂದ ಮೇಲಿನವರಲ್ಲಿ ಶೇ. 92.9, ತೀವ್ರ ಇದ್ದವರಲ್ಲಿ ಪರೀಕ್ಷಿಸಿದ ಅಷ್ಟೂ ಜನರನ್ನ. ಒಂದು ಟೇಪು, ಒಂದು ತೂಕದ ಯಂತ್ರ, ಎರಡು ನಿಮಿಷದ ಮಾತು, ಅಷ್ಟೇ ಬಂಡವಾಳ. ಎಐ ಮಾಡೆಲ್‌ಗೆ ನೂರಾರು ಫೀಚರ್ ತುರುಕುವ ನಮ್ಮಂಥವರು ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಬೇಕಾದ ವಿಷಯ.

ಆದರೆ ಇನ್ನೊಂದು ಮುಖವೂ ಇದೆ. ಇಂಥ ಪಟ್ಟಿ ಕಾಯಿಲೆ ಇಲ್ಲದವರನ್ನೂ ಬಲೆಗೆ ಹಾಕುತ್ತೆ. ಐವತ್ತು ದಾಟಿದ, ಬಿಪಿ ಇರೋ ಯಾವ ಗಂಡಸಿಗೂ ಕೂತಲ್ಲೇ ಮೂರು ಅಂಕ ಬಂತು! ಮೂರಕ್ಕೇ ಎಚ್ಚರಿಕೆಯ ಗಂಟೆ. ಎಲ್ಲದಕ್ಕೂ ಅಲರ್ಟ್ ಹೊಡೆಯೋ ಮಾನಿಟರಿಂಗ್ ಸಿಸ್ಟಂಗೆ ಆಫೀಸಿನಲ್ಲಿ ಏನಾಗುತ್ತೆ ಅಂತ ನಮಗೆ ಗೊತ್ತು. ಮೂರನೇ ವಾರಕ್ಕೆ ಎಲ್ಲರೂ ಮ್ಯೂಟ್ ಮಾಡಿರ್ತಾರೆ. ಚುಂಗ್ ತಂಡ ಈ ತೊಂದರೆಯನ್ನ ಬಿಟ್ಟು ಓಡಲಿಲ್ಲ ಅನ್ನೋದು ನನಗೆ ಹೆಚ್ಚು ಇಷ್ಟವಾದ ಭಾಗ. 5ರಿಂದ 8 ಅಂಕ ಬಂದವರಲ್ಲಿ ಕಾಯಿಲೆ ಇರೋ ಸಾಧ್ಯತೆ ಎಷ್ಟು ಏರುತ್ತೆ ಅಂತ 2012ರಲ್ಲಿ ತೋರಿಸಿದರು. ಮರುವರ್ಷ, ಮಧ್ಯದ ಅಂಕ ಬಂದವರ ರಕ್ತದಲ್ಲಿ ಬೈಕಾರ್ಬನೇಟ್ 28 ಅಥವಾ ಅದಕ್ಕಿಂತ ಹೆಚ್ಚಿದೆಯಾ ಅಂತ ನೋಡಿದರೆ ಸುಳ್ಳು ಅಲರ್ಟ್ ಕಡಿಮೆಯಾಗುತ್ತೆ ಅಂತ ಹೇಳಿದರು. ಒಂದೇ ಟೂಲನ್ನ ವರ್ಷಗಟ್ಟಲೆ ಸಾಕೋದು, ಅದರ ಬಗ್‌ಗಳನ್ನ ತಾವೇ ಹುಡುಕಿ ಬರೆಯೋದು. ರಿಲೀಸ್ ಮಾಡಿ ಕೈತೊಳೆದುಕೊಳ್ಳೋ ಜಾತಿಯಲ್ಲ.

ನನಗೆ ಈ ಹೆಸರಿನ ಪರಿಚಯ ಆದದ್ದು ಅಪ್ಪನ ಪಿತ್ತಕೋಶದ ಕಲ್ಲಿನಿಂದ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಪ್ರೋಸ್ಕೋಪಿ ಅಂತ ನಿಗದಿಯಾಗಿತ್ತು. ಅಪ್ಪನಿಗೆ ಅರವತ್ತೊಂದು. ಅರಿವಳಿಕೆ ಡಾಕ್ಟರ್ ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು ಅಷ್ಟೆ. ಇಸಿಜಿ, ಶುಗರ್ ಎಲ್ಲ ನೋಡಿ, ‘ಅಂಕಲ್, ಗೊರಕೆ ಹೊಡೀತೀರಾ?’ ಅಂದರು.

‘ಇಲ್ಲಮ್ಮ, ಅಂಥದ್ದೇನಿಲ್ಲ.’

ಅಮ್ಮ ತಡೆಯಲಿಲ್ಲ. ‘ಏನಿಲ್ಲ ಅಂತೀರಲ್ರೀ! ಕೆಳಗಿನ ಮನೆಯವರಿಗೆ ಕೇಳುತ್ತೆ ಡಾಕ್ಟ್ರೇ. ಒಂದೊಂದು ಸಲ ಸದ್ದೇ ನಿಂತುಹೋಗುತ್ತೆ. ನಾನು ಎದ್ದು ಕೂತು ನೋಡ್ತಿರ್ತೀನಿ, ಮತ್ತೆ ಶುರುವಾದ್ಮೇಲೆ ಮಲಗ್ತೀನಿ.’

ಅಮ್ಮ ಎಷ್ಟು ವರ್ಷದಿಂದ ಹಾಗೆ ಎದ್ದು ಕೂತಿದ್ದಳೋ. ನಮಗ್ಯಾರಿಗೂ ಅವಳು ಹೇಳಿರಲಿಲ್ಲ, ಹೇಳೋ ವಿಷಯ ಅಂತ ಅವಳಿಗೆ ಅನಿಸಿರಲೂ ಇಲ್ಲ. ಡಾಕ್ಟರ್ ಬರೆಯೋದನ್ನ ನಿಲ್ಲಿಸಿ ಅವಳ ಕಡೆ ತಿರುಗಿ ಕೂತರು. ಡ್ರಾಯರ್‌ನಿಂದ ಟೈಲರ್ ಅಂಗಡಿಯ ಥರದ ಟೇಪ್ ತೆಗೆದು ಅಪ್ಪನ ಕತ್ತು ಅಳೆದರು, 42. ಅಪ್ಪನಿಗೆ ಅಂಗಿ ಹೊಲಿಸೋಕೆ ಬಂದ ಹಾಗೆ ಮುಜುಗರ. ಗೊರಕೆ, ಉಸಿರು ನಿಲ್ಲೋದು, ಬಿಪಿ, ವಯಸ್ಸು, ಕತ್ತು, ಗಂಡಸು: ಆರು ಅಂಕ. ಸುಸ್ತು ಇಲ್ಲವೇ ಇಲ್ಲ ಅಂತ ಅಪ್ಪ ಕೊನೆಯವರೆಗೂ ವಾದಿಸಿದರು. ಮಧ್ಯಾಹ್ನ ಟಿವಿ ಮುಂದೆ ಕೂತಲ್ಲೇ ತಲೆ ವಾಲಿಸೋದು ಅವರ ಪ್ರಕಾರ ವಿಶ್ರಾಂತಿ.

ಆಪರೇಷನ್ ಮುಂದಕ್ಕೆ ಹಾಕ್ತಾರೆ ಅಂತ ನಾನು ಅಂದ್ಕೊಂಡೆ. ಹಾಕಲಿಲ್ಲ. ಮನೆಗೆ ಬಂದು ಓದಿದಾಗ ಅದಕ್ಕೂ ಕಾರಣ ಸಿಕ್ಕಿತು. ಅರಿವಳಿಕೆ ಮತ್ತು ನಿದ್ರಾ ವೈದ್ಯಕೀಯ ಎರಡನ್ನೂ ಸೇರಿಸಿ ಕಟ್ಟಿದ ಒಂದು ಅಂತಾರಾಷ್ಟ್ರೀಯ ಸೊಸೈಟಿ ಇದೆ. ಚುಂಗ್ ಅದರ ಅಧ್ಯಕ್ಷೆಯೂ ಆಗಿದ್ದವರು. 2016ರಲ್ಲಿ ಅವರ ಮುಂದಾಳತ್ವದಲ್ಲಿ ಬಂದ ಮಾರ್ಗಸೂಚಿ ಹೇಳೋದು ಇಷ್ಟು: ಆಪ್ನಿಯಾ ಇರಬಹುದು ಅನ್ನೋ ಅನುಮಾನ ಮಾತ್ರಕ್ಕೆ ಆಪರೇಷನ್ ರದ್ದು ಮಾಡಲು ಸಾಕಷ್ಟು ಪುರಾವೆ ಇಲ್ಲ. ಹೃದಯ, ಶ್ವಾಸಕೋಶದ ಬೇರೆ ತೊಂದರೆ ಹತೋಟಿಯಲ್ಲಿಲ್ಲದಿದ್ದರೆ ಮಾತ್ರ ನಿಂತು ಯೋಚಿಸಿ. ಇಲ್ಲದಿದ್ದರೆ ಆಪ್ನಿಯಾ ಇದೆ ಅಂದ್ಕೊಂಡೇ ಎಚ್ಚರಿಕೆ ವಹಿಸಿ ಮುಂದುವರಿಸಿ. ಅಪ್ಪನಿಗೆ ಮಾಡಿದ್ದೂ ಅದೇ. ಮಾರ್ಫಿನ್ ಜಾತಿಯ ಔಷಧಿ ಆದಷ್ಟು ಕಡಿಮೆ, ತಲೆಯ ಕಡೆ ಮಂಚ ಎತ್ತರಿಸಿ ಮಲಗಿಸಿದ್ದು, ರಾತ್ರಿಯಿಡೀ ಬೆರಳಿಗೆ ಆಕ್ಸಿಮೀಟರ್. ಆ ರಾತ್ರಿ ಅಟೆಂಡರ್ ಕುರ್ಚಿಯಲ್ಲಿ ನಾನಿದ್ದೆ. ಆ ಕೆಂಪು ಅಂಕಿ 97ರಿಂದ 91ಕ್ಕೆ ಇಳಿದು, ಮತ್ತೆ ಹತ್ತೋದನ್ನ ಎಷ್ಟು ಸಲ ನೋಡಿದೆನೋ ಲೆಕ್ಕ ಇಡಲಿಲ್ಲ. ಮೂರು ಗಂಟೆ ಹೊತ್ತಿಗೆ 86 ಆದಾಗ ಅದು ಕೂಗಿಕೊಂಡಿತು. ನರ್ಸ್ ಸಿಸ್ಟರ್ ಬಂದು ಭುಜ ತಟ್ಟಿ, ಪಕ್ಕಕ್ಕೆ ಹೊರಳಿಸಿ ಹೋದರು. ಇಪ್ಪತ್ತು ಸೆಕೆಂಡಿನ ಕೆಲಸ.

ಆ ಕೂಗು ಇಲ್ಲದ ವಾರ್ಡುಗಳಲ್ಲಿ ಏನಾಗುತ್ತೆ ಅನ್ನೋದಕ್ಕೂ ದಾಖಲೆ ಇದೆ. ಅದೇ ಸೊಸೈಟಿ ಅಮೆರಿಕದ ಅರಿವಳಿಕೆ ತಜ್ಞರ ಜೊತೆ ಸೇರಿ, ಆಪ್ನಿಯಾ ಇದ್ದವರಿಗೆ ಆಪರೇಷನ್ ನಂತರ ಆದ ಸಾವು ಮತ್ತು ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳನ್ನ ಒಂದೆಡೆ ಸೇರಿಸಿತು. 2019ರಲ್ಲಿ ಪ್ರಕಟವಾದಾಗ ಪ್ರಕರಣಗಳು 66. ಸಾವು ಅಥವಾ ಮೆದುಳಿಗೆ ಪೆಟ್ಟಾದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣೋದು ಇವೇ: ಯಾರೂ ನೋಡ್ತಿರಲಿಲ್ಲ, ಉಸಿರಾಟದ ಮಾನಿಟರ್ ಇರಲಿಲ್ಲ, ನೋವಿನ ಔಷಧಿ ಜೊತೆ ನಿದ್ದೆಯ ಔಷಧಿಯೂ ಕೊಟ್ಟಿದ್ದರು. ನಮ್ಮ ಆಫೀಸುಗಳ ಪೋಸ್ಟ್‌ಮಾರ್ಟಂ ವರದಿಗಳಲ್ಲಿ ಸರ್ವರ್ ಸಾಯುತ್ತೆ. ಇಲ್ಲಿ ಆ ಪದಕ್ಕೆ ನಿಜವಾದ ಅರ್ಥ.

ಅದೇ ವರ್ಷ ‘ಜಾಮಾ’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ದೊಡ್ಡದು. ಹಾಂಗ್‌ಕಾಂಗಿನ ಮ್ಯಾಥ್ಯೂ ಚಾನ್ ಮತ್ತು ಚುಂಗ್ ಜೊತೆಯಾಗಿ ನಡೆಸಿದ್ದು, 5 ದೇಶಗಳ 8 ಆಸ್ಪತ್ರೆ. ಹೃದಯದ್ದಲ್ಲದ ದೊಡ್ಡ ಆಪರೇಷನ್‌ಗೆ ಬಂದ, ಹೃದಯದ ಅಪಾಯ ಮೊದಲೇ ಇದ್ದ, ಆಪ್ನಿಯಾ ಇದೆ ಅಂತ ಯಾರೂ ಹೇಳಿರದ ರೋಗಿಗಳಿಗೆ ಹಿಂದಿನ ರಾತ್ರಿ ಸಣ್ಣ ಯಂತ್ರ ಕಟ್ಟಿ ನಿದ್ದೆ ಅಳೆದರು. ಫಲಿತಾಂಶವನ್ನ ಚಿಕಿತ್ಸೆ ಕೊಡೋ ಡಾಕ್ಟರಿಗೂ ತಿಳಿಸಲಿಲ್ಲ. ಲೆಕ್ಕಕ್ಕೆ ಸಿಕ್ಕ 1218 ಜನರಲ್ಲಿ ಶೇ. 67.6 ಮಂದಿಗೆ ಆಪ್ನಿಯಾ ಇತ್ತು. ಮೂರರಲ್ಲಿ ಇಬ್ಬರಿಗೆ, ಗೊತ್ತೇ ಇಲ್ಲದೆ! 30 ದಿನದೊಳಗೆ ಹೃದಯಕ್ಕೆ ಪೆಟ್ಟು, ಪಾರ್ಶ್ವವಾಯು ಇತ್ಯಾದಿ ತೊಡಕುಗಳು ಆಪ್ನಿಯಾ ಇಲ್ಲದವರಲ್ಲಿ ಶೇ. 14.2, ತೀವ್ರ ಇದ್ದವರಲ್ಲಿ ಶೇ. 30.1. ಇವುಗಳಲ್ಲಿ ಬಹುಪಾಲು, ರಕ್ತಪರೀಕ್ಷೆಯಲ್ಲಿ ಮಾತ್ರ ಕಾಣೋ ಹೃದಯದ ಸ್ನಾಯುವಿನ ಹಾನಿ ಅನ್ನೋದನ್ನೂ ಹೇಳಬೇಕು. ಸುಮ್ಮನೆ ಹೆದರಿಸೋದು ಬೇಡ. ತೊಡಕು ಆದವರ ಆಮ್ಲಜನಕ ಶೇ. 80ಕ್ಕಿಂತ ಕೆಳಗಿದ್ದ ಹೊತ್ತು ಸರಾಸರಿ 23.1 ನಿಮಿಷ, ಆಗದವರಲ್ಲಿ 10.2.

ಇನ್ನೊಂದು ಸಂಗತಿ ನನ್ನನ್ನ ಬೆಚ್ಚಿಬೀಳಿಸಿತು. ಆಪರೇಷನ್ ಆದ ರಾತ್ರಿ ದಾಟಿದರೆ ಗೆದ್ದ ಹಾಗೆ ಅಂತ ನಾವು ತಿಳಿದಿರ್ತೀವಿ. ಚುಂಗ್ ತಂಡ ರಾತ್ರಿ ರಾತ್ರಿ ಅಳೆದು 2014ರಲ್ಲಿ ಬರೆದದ್ದು: ಉಸಿರು ಕಟ್ಟೋದು ಅತಿ ಹೆಚ್ಚಾಗೋದು ಮೂರನೇ ರಾತ್ರಿ. ಮೊದಲ ರಾತ್ರಿ ಕನಸು ಬೀಳೋ ಹಂತದ ನಿದ್ದೆ ಬಹುಮಟ್ಟಿಗೆ ಅಡಗಿಹೋಗಿರುತ್ತೆ, ಆಮೇಲೆ ಅದು ಮರಳುತ್ತೆ. ಸ್ನಾಯು ಅತ್ಯಂತ ಸಡಿಲ ಇರೋದೂ ಆ ಹಂತದಲ್ಲೇ. ಮೂರನೇ ರಾತ್ರಿ ಅಂದ್ರೆ ನಮ್ಮಲ್ಲಿ ಎಷ್ಟೋ ಜನ ಡಿಸ್ಚಾರ್ಜ್ ಆಗಿ ಮನೆಯಲ್ಲಿ, ನೋವಿನ ಮಾತ್ರೆ ನುಂಗಿ, ಅಂಗಾತ ಮಲಗಿರ್ತಾರೆ.

ಸ್ಟಾಪ್-ಬ್ಯಾಂಗ್ ಬಗ್ಗೆ ನನಗೆ ಎರಡು ತಕರಾರು ಇವೆ. ಬಿಎಂಐ 35 ಅನ್ನೋ ಗೆರೆ ನಮ್ಮ ಮೈಕಟ್ಟಿಗೆ ಹೊಂದಲ್ಲ. ಭಾರತೀಯರಲ್ಲಿ 25 ದಾಟಿದರೆ ಬೊಜ್ಜು ಅಂತ ಇಲ್ಲಿನ ತಜ್ಞರೇ ಹೇಳಿದ್ದಾರೆ. ತೆಳ್ಳಗೆ ಕಾಣೋ ಹೊಟ್ಟೆಯವರು ಆ ಪ್ರಶ್ನೆಯಲ್ಲಿ ಸಲೀಸಾಗಿ ಜಾರಿಹೋಗ್ತಾರೆ. ಇನ್ನೊಂದು, ಹೆಂಗಸರದ್ದು. ಗಂಡಸಿಗೆ ಒಂದು ಅಂಕ ಪುಕ್ಕಟೆ ಅನ್ನೋದು ಅಂಕಿಅಂಶದ ದೃಷ್ಟಿಯಿಂದ ಸರಿಯೇ, ಗಂಡಸರಲ್ಲಿ ಕಾಯಿಲೆ ಹೆಚ್ಚು. ಆದರೆ ‘ಯಾರಾದರೂ ನೋಡಿದ್ದಾರಾ’ ಅನ್ನೋ ಪ್ರಶ್ನೆಗೆ ಉತ್ತರ ಕೊಡೋಕೆ ಎಚ್ಚರ ಇರೋ ಜೊತೆಗಾರ ಬೇಕಲ್ಲ? ಅಮ್ಮ ಅಪ್ಪನನ್ನ ನೋಡಿದಳು. ಅಮ್ಮನನ್ನ ಯಾರು ನೋಡಿದ್ದಾರೆ? ಅಪ್ಪನ ಗೊರಕೆಯಲ್ಲಿ ಅವಳದ್ದು ಯಾರಿಗೆ ಕೇಳಿಸಬೇಕು! ಪಿಜಿಯಲ್ಲಿ ಒಬ್ಬರೇ ಮಲಗೋ ನಿಮ್ಮ ಕಥೆಯೂ ಅದೇ. ಫೋನ್‌ನಲ್ಲಿ ರಾತ್ರಿಯ ಸದ್ದು ರೆಕಾರ್ಡ್ ಮಾಡಿ ಕೇಳಿ. ಅದು ಪರೀಕ್ಷೆಯಲ್ಲ, ಡಾಕ್ಟರ ಹತ್ತಿರ ಹೋಗೋಕೆ ಒಂದು ನೆಪ.

ಚಿಕಿತ್ಸೆಯ ಮಾತು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಊದಿ ಗಂಟಲು ತೆರೆದಿಡೋ ಉಪಾಯ ಪ್ರಕಟಿಸಿದರು. ಇವತ್ತಿನ ಸಿಪ್ಯಾಪ್ ಯಂತ್ರ ಅದರ ಸಂತಾನ. ಅಪ್ಪನಿಗೂ ಆಮೇಲೆ ಪರೀಕ್ಷೆ ಆಗಿ ಒಂದು ಬಂದಿದೆ. ಮೊದಲ ತಿಂಗಳು ‘ಆನೆ ಸೊಂಡಿಲು’ ಅಂತ ಬೈಕೊಂಡೇ ಹಾಕಿಕೊಂಡರು. ಅದರಿಂದ ಹಗಲಿನ ತೂಕಡಿಕೆ ಕಡಿಮೆಯಾಗುತ್ತೆ ಅನ್ನೋದು ಖಚಿತ. ಹೃದಯಾಘಾತ ತಪ್ಪುತ್ತಾ ಅಂದರೆ, ಆಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2717 ಜನರ ಮೇಲೆ ನಡೆದು 2016ರಲ್ಲಿ ಬಂದ ‘ಸೇವ್’ ಅನ್ನೋ ಪ್ರಯೋಗದಲ್ಲಿ ಹಾಗೇನೂ ಕಾಣಲಿಲ್ಲ. ಆದರೆ ಅದರಲ್ಲಿ ಜನ ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಅರ್ಧ ರಾತ್ರಿಯ ಔಷಧಿಗೆ ಪೂರ್ತಿ ಫಲ ಕೇಳೋದು ಎಷ್ಟು ಸರಿ ಅಂತ ವಾದ ಇನ್ನೂ ನಡೀತಿದೆ.

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ ತಪಾಸಣೆಗೆ ರೋಗಿಯನ್ನ ಒಬ್ಬರನ್ನೇ ಕಳಿಸಬೇಡಿ. ಪಕ್ಕದಲ್ಲಿ ಮಲಗೋರನ್ನೂ ಕರ್ಕೊಂಡು ಹೋಗಿ. ಡಾಕ್ಟರ್ ಕೇಳದಿದ್ದರೂ ಗೊರಕೆಯ ವಿಷಯ ನೀವೇ ಎತ್ತಿ. ಸಿಪ್ಯಾಪ್ ಇದ್ದರೆ ಅಡ್ಮಿಟ್ ಆಗುವಾಗ ಬ್ಯಾಗಿಗೆ ಮೊದಲು ಅದನ್ನ ಹಾಕಿ, ಆಮೇಲೆ ಫ್ಲಾಸ್ಕು. ಡಿಸ್ಚಾರ್ಜ್ ಆದಮೇಲೂ ಮೊದಲ ವಾರ ಯಂತ್ರ ಬಿಡಿಸಬೇಡಿ, ತಲೆ ಎತ್ತರಿಸಿ ಅಥವಾ ಪಕ್ಕಕ್ಕೆ ಹೊರಳಿಸಿ ಮಲಗಿಸಬಹುದಾ ಅಂತ ಸರ್ಜನ್ ಹತ್ತಿರ ಕೇಳಿ, ನಿದ್ದೆ ಮಾತ್ರೆಯನ್ನ ನಿಮ್ಮಷ್ಟಕ್ಕೆ ಕೊಡಬೇಡಿ. ಮೂರನೇ ರಾತ್ರಿ ಯಾರಾದರೂ ಒಬ್ಬರು ಅದೇ ರೂಮಿನಲ್ಲಿ ಮಲಗಿ.